ಆಯಿಯ ಪಕ್ಕದ ಜಾಗ

ಅಂಜನಾಳ ಮೈಯಲ್ಲಿ ಒಂದು ಕಿಣ್ವ ಇರಲಿಲ್ಲ.

ಅದರ ಹೆಸರು ಕ್ಯಾಥೆಪ್ಸಿನ್ ಕೆ. ಹಳೆಯ ಎಲುಬನ್ನು ಕರಗಿಸಿ ಹೊಸದಕ್ಕೆ ಜಾಗ ಮಾಡಿಕೊಡುವುದು ಅದರ ಕೆಲಸ. ಅವಳಲ್ಲಿ ಹಳೆಯದು ಕರಗದೆ ಹಾಗೇ ಉಳಿಯುತ್ತಿತ್ತು. ಇಪ್ಪತ್ತಾರು ವರ್ಷಕ್ಕೆ ನಾಲ್ಕೂವರೆ ಅಡಿ ಎತ್ತರ, ಮೊಂಡು ಬೆರಳು, ಕಲ್ಲಿನಷ್ಟು ಗಟ್ಟಿಯಾಗಿದ್ದೂ ಸೀಮೆಸುಣ್ಣದಂತೆ ಮುರಿಯುವ ಎಲುಬು. ಕಾರಣ ಮಾತ್ರ ಅವಳಿಗೆ ಆಗಿನ್ನೂ ಗೊತ್ತಿರಲಿಲ್ಲ.

ಜಮಖಂಡಿಯಲ್ಲಿ ಬಸ್ಸಿನ ಮೆಟ್ಟಿಲು ಇಳಿಯುವಾಗ ಎಡಗಾಲು ಕಟ್ ಎಂದಿತು. ಅವಳು ಬಿದ್ದಿರಲೂ ಇಲ್ಲ.

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ತಂತ್ರಜ್ಞ ಗುರುಸಿದ್ದ ಫೋಟೋ ತೆಗೆದ. ನೋಡಿದ. ಯಂತ್ರ ಕೆಟ್ಟಿರಬೇಕೆಂದು ಮತ್ತೊಮ್ಮೆ ತೆಗೆದ.

“ಯಾಕ್ರಿ, ದೆವ್ವ ನೋಡಿದವರಂಗ ನಿಂತೀರಿ?”

“ದೆವ್ವಕ್ಕ ಎಲುಬ ಇರಂಗಿಲ್ರಿ. ನಿಮಗ ಬೇಕಾದ್ದಕ್ಕಿಂತ ಜಾಸ್ತಿ ಅದಾವ.”

ನೋವಿನಲ್ಲೂ ಅವಳಿಗೆ ನಗು ಬಂತು. ಪರದೆಯ ಮೇಲೆ ಅವಳ ಕಾಲು ಬೆಳ್ಳಗೆ ಉರಿಯುತ್ತಿತ್ತು. ನಗು ಅಲ್ಲೇ ನಿಂತಿತು.

‘ಇದನ್ನ ನಾ ಮೊದಲ ಎಲ್ಲೋ ನೋಡೇನಿ...’

ಪ್ಲಾಸ್ಟರ್ ತೋರಿಸಲು ಮೂರು ಸಲ ಬಂದಳು. ಮೂರೂ ಸಲ ಅವನ ಕೋಣೆಯ ಮುಂದಿನ ಬೆಂಚಿನಲ್ಲಿ ಬೇಕೆಂದೇ ಕೂತಳು. ಕೊನೆಯ ಸಲ, ಅಂಥ ಎಲುಬು ಮೊದಲು ಎಲ್ಲಿ ನೋಡಿದ್ದೆಂದು ಅವನಿಗೆ ಹೇಳಿದಳು.

ಆಗ ಅವಳಿಗೆ ಆರು ವರ್ಷ. ರನ್ನ ಬೆಳಗಲಿಯ ಹೊಲದಲ್ಲಿ ಅಜ್ಜನನ್ನು ಹೂಳಲು ಕುಣಿ ತೋಡುವಾಗ ಪಕ್ಕದ ಮಣ್ಣು ಕುಸಿದು, ಮನೆಯವರೆಲ್ಲ ಆಯಿ ಎನ್ನುವ ಮುತ್ತಜ್ಜಿ ಶಂಕ್ರೆವ್ವ ಕಂಡಿದ್ದಳು. ಅವರಲ್ಲಿ ಹೆಣವನ್ನು ಕೂರಿಸಿಯೇ ಹೂಳುವುದು; ಮೂವತ್ತು ವರ್ಷ ಕರಿಮಣ್ಣಿನಲ್ಲಿ ಕೂತಿದ್ದರೂ ಎಲುಬು ತೊಳೆದಿಟ್ಟಂತಿತ್ತು. ಬೆರಳು ಮೊಂಡು. ಕೂಸಿಗಿರುವಂತೆ ನೆತ್ತಿಯಲ್ಲಿ ತೆರೆದ ಕಂಡಿ. ಸುತ್ತ ನಿಂತವರೆಲ್ಲ ಒಬ್ಬೊಬ್ಬರಾಗಿ ತಿರುಗಿ ಅಂಜನಾಳ ಕೈ ನೋಡಿದರು.

“ಆಯಿ ತಿರುಗಿ ಬಂದಾಳ ಅಂತಾರ್ರಿ. ಅವತ್ತಿಂದ ನಮ್ಮಪ್ಪ ನನಗ ಬೈದಿಲ್ಲ. ಕೈ ಮುಗಿತಾನ.”

“ನಿಮ್ಮಪ್ಪ, ನಿಮ್ಮವ್ವ ಮೊದಲ ಸಂಬಂಧದಾವರೇನು?”

“ಅವ್ವ ಅಪ್ಪಗ ಸ್ವಂತ ಅಕ್ಕನ ಮಗಳು. ಬಂದ ಆಯಿನ ಹೊರಗ ಕಳಸಬಾರದಂತ, ನನ್ನೂ ಸಣ್ಣ ಅತ್ತಿ ಮಗ ದುರಗೇಶಗ ಕೊಡಾಕತ್ತಾರ.”

ಗುರುಸಿದ್ದ ವೈದ್ಯರಿಗೆ ಹೇಳಿ ಅವತ್ತೇ ಅವಳ ರಕ್ತ ಪರೀಕ್ಷೆಗೆ ಕಳಿಸಿದ. ತಿಂಗಳ ಮೇಲೆ ವರದಿ ಬಂದಾಗ ವೈದ್ಯರು ಅವಳ ತಂದೆ ಚನಮಲ್ಲಪ್ಪನಿಗೆ ಕಾಯಿಲೆಯ ಹೆಸರು ಹೇಳಿದರು. ಹೊರಗೆ ಗುರುಸಿದ್ದ ಅವನನ್ನು ನಿಲ್ಲಿಸಿ ಎರಡು ಮಾತು ಸೇರಿಸಿದ.

ಚನಮಲ್ಲಪ್ಪ ಮನೆಗೆ ಬಂದು ಹೇಳಿದ್ದು ಒಂದೇ ಮಾತು. “ಎಕ್ಸ್‌ರೇದಾಂವ ಈಕಿಗೆ ಮದುವಿ ಬ್ಯಾಡ ಅಂದ.”

ಸಂಬಂಧ ಮುರಿಯಿತು. ಅತ್ತೆಯ ಮನೆಯವರು ಬರುವುದನ್ನೇ ಬಿಟ್ಟರು. ದುರಗೇಶ ಹೋದದ್ದಕ್ಕೆ ಅಂಜನಾಗೆ ಅಷ್ಟು ದುಃಖವಾಗಲಿಲ್ಲ. ತನ್ನನ್ನು ನಗಿಸಿದವನೇ ಹಾಗೆಂದನಲ್ಲ...

‘ಅವನೂ ನನ್ನನ್ನ ಹೆಣ ಅಂತ ತಿಳದಾನ.’

ಗುರುಸಿದ್ದನ ಫೋನು ಎತ್ತಲಿಲ್ಲ. ರಬಕವಿ ಸೀರೆಗಳಿಗೆ ಕುಚ್ಚು ಕಟ್ಟುತ್ತ ಏಳು ತಿಂಗಳು ಮನೆಯಲ್ಲೇ ಕೂತಳು.

ಒಂದು ಮಧ್ಯಾಹ್ನ ಹೊಲಕ್ಕೆ ಬುತ್ತಿ ಒಯ್ದಾಗ ಅಪ್ಪ ಶಂಕ್ರೆವ್ವನ ಗದ್ದುಗೆಯ ಪಕ್ಕ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡುತ್ತಿದ್ದ. ಬಿಸಿಲು ನೆತ್ತಿಯ ಮೇಲಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

“ಇದು ಯಾರಿಗೆ ಯಪ್ಪಾ?”

ಅವನು ಕೈ ಮುಗಿದ. “ನಿನಗವ್ವಾ. ಮುಂದ ಎಂದರ ಬೇಕಾಗತೈತಿ.”

ಕಲ್ಲುಗಳ ನಡುವಿನ ಜಾಗ ಬಹಳ ಸಣ್ಣದು. ಅಂಜನಾ ಒಳಗೆ ಹೋಗಿ ಕಾಲು ಮಡಚಿ ಕೂತಳು. ಆಚೆ ಈಚೆ ಒಂದು ಬೆರಳೂ ಹೆಚ್ಚಿರಲಿಲ್ಲ. ಯಾವಾಗ ಅಳೆದ? ಮಲಗಿದ್ದಾಗಲೇ?

“ಅಳತಿ ಸರಿ ಐತಿ,” ಎಂದಳು. ಅವಳ ದನಿ ಅವಳಿಗೇ ಮುದುಕಿಯದಂತೆ ಕೇಳಿತು. “ಈಗ ಹೇಳು. ಆ ಎಕ್ಸ್‌ರೇದಾಂವ ಖರೇ ಏನಂದಿದ್ದ?”

ಕೇಳಿದ್ದು ಮಗಳೋ ಆಯಿಯೋ, ಚನಮಲ್ಲಪ್ಪನಿಗೆ ತಿಳಿಯಲಿಲ್ಲ. ಮಣ್ಣಲ್ಲೇ ಕುಸಿದ.

“ಸಂಬಂಧದಾಗ ಬ್ಯಾಡ, ಹೊರಗ ಕೊಡ್ರಿ, ಮಕ್ಕಳು ಛಲೋ ಇರ್ತಾವ ಅಂದಿದ್ದ. ಒಂದೇ ರಕ್ತದಾಗ ಕೊಟ್ಟು ತಂದು ಹಿಂಗಾತು ಅಂದ. ಅಂದ್ರ ನಾ ನಿಮ್ಮವ್ವನ್ನ ಮಾಡಿಕೊಂಡದ್ದಕ್ಕ... ಅದನ್ನ ಯಾವ ಬಾಯಿಲೆ ಹೇಳ್ಲಿ ಬೇ? ಆಯಿ ಬಂದಾಳ ಅನ್ನೂದು ಹಗುರಿತ್ತು.”

ಅವಳು ಎದ್ದು ಕಲ್ಲು ದಾಟಿ ಹೊರಗೆ ಬಂದಳು. ಮರುದಿನ ಜಮಖಂಡಿಗೆ ಹೋದಳು.

“ಹೊರಗ ಕೊಡ್ರಿ ಅಂದ್ರಂತ,” ಎಂದಳು ಬಾಗಿಲಲ್ಲೇ ನಿಂತು. “ಯಾರಿಗೆ ಅಂತ ಹೇಳಬೇಕಿತ್ತು.”

ಗುರುಸಿದ್ದ ಎದ್ದು ನಿಂತ. “ನನಗ ಅನ್ನಾಕ ಬಾಯಿ ಬರ್ಲಿಲ್ರಿ. ಆಸ್ಪತ್ರ್ಯಾಗ ನಿಂತು ಹೆಣ್ಣ ಕೇಳಿದ್ರ ಬಡಿತಾರ.”

“ಇದಕ್ಕ ಔಷಧ ಐತೇನು?”

“ಇಲ್ರಿ.”

“ಮತ್ತ ಮುರಿತಾವ?”

“ಮುರಿತಾವ.”

“ಒಂದ ಸುಳ್ಳರ ಹೇಳಬಾರದ?”

“ನಿಮಗ ಸುಳ್ಳ ಹೇಳಿದವರು ರಗಡ ಮಂದಿ ಅದಾರ.”

ಅವಳು ತನ್ನ ಮೊಂಡು ಬೆರಳುಗಳನ್ನು ನೋಡಿಕೊಂಡಳು. “ನಾ ಖರೇನ ಆಯಿ ಆಗಿದ್ರ?”

“ಆಯಿಗೂ ಇದೇ ಜಡ್ಡ ಇತ್ತು. ಆಕಿಗೆ ಹೇಳಾವರು ಯಾರೂ ಇರ್ಲಿಲ್ಲ. ಅಷ್ಟೇ ಫರಕ.”

ಅಂಜನಾಳ ಕಣ್ಣು ತುಂಬಿದವು.

“ಐತವಾರ ಮನಿಗೆ ಬಾ,” ಎಂದಳು. “ನಿಮ್ಮವ್ವನ್ನ ಕರ್ಕೊಂಡ ಬಾ.”

“ನಿಮ್ಮಪ್ಪ ಒಲ್ಲೆ ಅಂದ್ರ?”

“ನಾ ಹೂಂ ಅಂದೇನಲ್ಲ.”

ಆ ಹೂಂ ಬರುವಷ್ಟರಲ್ಲಿ ಕಳೆದುಹೋದದ್ದು ಒಂದು ಎಲುಬು, ಒಂದು ಅತ್ತೆಯ ಮನೆ, ಏಳು ತಿಂಗಳು.