ಎಂಬತ್ತಾರನೇ ನಂಬರಿನ ಪಿಸ್ತೂಲು

ಅಮೆರಿಕದ ಓಹಾಯೋದಲ್ಲಿ ನಮ್ಮಂಥ ಸಂಗ್ರಹಕಾರರಿಗೆ ಹಳೆಯ ಸೇನಾ ಪಿಸ್ತೂಲೇ ಬೇಕು. ಅದರ ಹಿಡಿಯಲ್ಲಿ ಯಾರದೋ ಹೆಬ್ಬೆರಳಿನ ಸವೆತ ಇರುತ್ತದೆ. ಹೊಸದರಲ್ಲಿ ಯಾರೂ ಇರುವುದಿಲ್ಲ. ನನ್ನ ಜರ್ಮನ್ ಪಿಸ್ತೂಲಿನ ಪ್ರತಿ ಭಾಗದ ಮೇಲೂ 86 ಎಂದಿತ್ತು, ಗುಂಡು ತುಂಬುವ ಮ್ಯಾಗಝಿನ್ ಮೇಲೆ ಮಾತ್ರ 41. ಪಿಸ್ತೂಲಿನ ಜೊತೆಗೇ ಬಂದಿದ್ದ 86ರ ಮೂಲ ಮ್ಯಾಗಝಿನ್‌ಗಾಗಿ ಹನ್ನೊಂದು ವರ್ಷ ಹುಡುಕಿದ್ದೆ.

ಭಾನುವಾರ ಚರ್ಚಿನಿಂದ ಬಂದವನು ಗೆಳೆಯ ವೆಂಡಲ್‌ಗೆ ತೋರಿಸಲೆಂದು ಕಪಾಟಿನ ಬೀಗ ತೆಗೆದೆ. ಯಾರೋ ಈಗಷ್ಟೇ ಕೈಬಿಟ್ಟ ಹಾಗೆ ಪಿಸ್ತೂಲಿನ ಹಿಡಿ ಬೆಚ್ಚಗಿತ್ತು.

ವೆಂಡಲ್ ಮ್ಯಾಗಝಿನ್ ಎಳೆದು ನೋಡಿ ನಕ್ಕ. "ಇದೂ 86 ಇದೆಯಲ್ಲೋ! ಕಳ್ಳ ನಂಬರು ಕೆತ್ತಿಸಿದ್ಯೇನೋ ಮಾರಾಯ?"

ಅದರ ತಳಕ್ಕೆ ಹಸಿ ಮಣ್ಣು ಮೆತ್ತಿತ್ತು.

ಕಪಾಟಿಗೆ ಇರುವುದು ಒಂದೇ ಕೀಲಿ, ಅದು ನನ್ನ ಕೊರಳಲ್ಲಿದೆ. 41ರ ಹಳೇ ಮ್ಯಾಗಝಿನ್ ಮತ್ತೆ ಸಿಗಲೇ ಇಲ್ಲ. ಮಣ್ಣನ್ನು ದಿನಾ ಒರೆಸುತ್ತೇನೆ. ಬೆಳಿಗ್ಗೆ ಮತ್ತೆ ಹಸಿಯಾಗಿರುತ್ತದೆ.