ತವರಿನ ಸೀರೆ ಹೊದಿಸಿದವನು

“ಎರಡು ದೊಡ್ಡೋರು, ಎರಡು ಮಕ್ಕಳು. ಫ್ಯಾಮಿಲಿ ತಾನೇ ಸರ್?”

ಮ್ಯೂಸಿಯಂ ಟಿಕೆಟ್ ಕೌಂಟರಿನ ಹೆಂಗಸು ಹೀಗೆ ಕೇಳಿದಾಗ ಹರ್ಷವರ್ಧನ್ ಪರ್ಸ್ ತೆರೆದು ಹಿಡಿದವನು ಹಾಗೇ ನಿಂತುಬಿಟ್ಟ. ಮೆಲ್ಲಗೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದ. ನಾನು ಬಗ್ಗಿ ಮಗನ ಶೂ ಲೇಸ್ ಕಟ್ಟುತ್ತಿದ್ದೆ. ಕಟ್ಟಿ ಮುಗಿದದ್ದನ್ನು ಬಿಚ್ಚಿ ಇನ್ನೊಂದು ಸಲ ಕಟ್ಟಿದೆ. ಆಗ ತಲೆ ಎತ್ತುವ ಧೈರ್ಯ ಯಾರಿಗಿತ್ತು?

“ಹೂಂ, ಫ್ಯಾಮಿಲಿ,” ಎಂದ ಕೊನೆಗೆ.

ಒಳಗೆ ಹೋಗುವಾಗ ಕೇಳಿದೆ. “ಸುಳ್ಳು ಹೇಳಿದ್ರಲ್ಲ?”

“ಫ್ಯಾಮಿಲಿ ಅಂದೆ, ಅಷ್ಟೇ. ಯಾವ ಥರದ್ದು ಅಂತ ಅವ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

“ಮತ್ತೆ ಕಿವಿ ಯಾಕೆ ಕೆಂಪಗಾಗಿದೆ?”

“ಬಿಸ್ಲು.”

ನಾವು ನಿಂತಿದ್ದು ಮರದ ನೆರಳಲ್ಲಿ. ಎಲ್ಲಿಯ ಬಿಸಿಲೋ ಏನೋ. ನಾನು ನಕ್ಕೆ, ಅವನೂ ನಕ್ಕ. ನಕ್ಕ ಮೇಲೆ ಇಬ್ಬರಿಗೂ ಸಂಕಟವಾಯಿತು.

ನಮ್ಮದು ಹೊಳೆನರಸೀಪುರ. ನಮ್ಮದು ಎಂದರೆ ನನ್ನ ಗಂಡ ಕಾಂತರಾಜು ಅವರ ಮನೆ. ಅತ್ತೆ ಬೆಟ್ಟಮ್ಮ, ಎಂಟು ವರ್ಷದ ತೇಜಶ್ರೀ, ಐದು ವರ್ಷದ ಪಾಲಾಕ್ಷ, ಮತ್ತು ಪ್ರೈವೇಟ್ ಸ್ಕೂಲೊಂದರಲ್ಲಿ ಲೆಕ್ಕ ಹೇಳಿಕೊಡುವ ನಾನು. ಕಾಂತರಾಜು ಮೂರು ವರ್ಷದ ಹಿಂದೆ ಜ್ವರ ಎಂದು ಮಲಗಿದವರು ಮತ್ತೆ ಏಳಲಿಲ್ಲ. ಹರ್ಷವರ್ಧನ್ ಅವರ ಕಾಲೇಜು ಗೆಳೆಯ. ಊರು ದಂಡಿಗನಹಳ್ಳಿ, ಚನ್ನರಾಯಪಟ್ಟಣದಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ನಮ್ಮ ಮದುವೆಯಾದಾಗಿನಿಂದ ನನ್ನನ್ನು ‘ಅತ್ಗೆ’ ಎಂದೇ ಕರೆಯುತ್ತಿದ್ದ. ಗಂಡನ ಗೆಳೆಯ ಎಂದರೆ ಮೈದುನನ ಸಮ, ಅದರಲ್ಲಿ ಹೊಸದೇನಿಲ್ಲ.

ಅದು ಬದಲಾದದ್ದು ತಿಥಿಯ ದಿನ.

ನಮ್ಮ ಕಡೆ ಗಂಡ ಹೋದ ಹೆಣ್ಣಿಗೆ ಅವತ್ತು ತವರಿನ ಸೀರೆ ಹೊದಿಸುತ್ತಾರೆ. ಅಣ್ಣನೋ ತಮ್ಮನೋ ಸೀರೆ ತಂದು ಹೆಗಲ ಮೇಲೆ ಹಾಕಬೇಕು. ಗಂಡ ಹೋದರೂ ನಿನಗೆ ತವರಿದೆ ಎಂದು ಊರಿನ ಮುಂದೆ ಹೇಳುವುದು ಅದರ ಅರ್ಥ. ಮಲ್ಲಿಪಟ್ಟಣದ ನನ್ನ ತವರಿನಲ್ಲಿ ಇದ್ದದ್ದು ಅಮ್ಮ ಒಬ್ಬಳೇ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅಮ್ಮ ತಂದ ಸೀರೆ ತಟ್ಟೆಯಲ್ಲೇ ಉಳಿಯಿತು. ಹೊತ್ತಾಗುತ್ತಿದೆ ಎಂದು ಹಿರಿಯರು ಗೊಣಗತೊಡಗಿದರು. ಹರ್ಷ ಚಪ್ಪರದ ಆಚೆ ಕುಡಿಯುವ ನೀರಿನ ಕ್ಯಾನ್ ಇಳಿಸುತ್ತಿದ್ದ.

“ಲೇ ಹರ್ಷ, ಬಾರ್ಲಾ ಇಲ್ಲಿ,” ಎಂದರು ಯಾರೋ. “ನೀನೇ ಅಣ್ಣನ ಜಾಗ್ದಲ್ಲಿ ನಿಂತು ಸೀರೆ ಆಕ್ಬುಡು. ಆ ಮಗೀಗೂ ಒಂದು ತವರು ಅಂತ ಆಗ್ಲಿ.”

ಗೆಳೆಯ ಹೋದ ದುಃಖದಲ್ಲಿದ್ದ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಸೀರೆ ಹೊದಿಸಿದ. ನೂರಾರು ಜನ ನೋಡಿದರು. ಬೆಟ್ಟಮ್ಮ ಅಳುತ್ತಲೇ ಮಕ್ಕಳನ್ನು ಅವನ ಮುಂದೆ ನಿಲ್ಲಿಸಿ, “ಇನ್ಮ್ಯಾಕೆ ಇವ್ನು ನಿಮ್ ಸೋದರಮಾವ ಕಣ್ರಪ್ಪ,” ಎಂದರು. ಮರುವರ್ಷ ಮಾವಿನಕೆರೆ ಬೆಟ್ಟದಲ್ಲಿ ಪಾಲಾಕ್ಷನ ಕೂದಲು ತೆಗೆಸಿದ್ದೂ ಅವನ ತೊಡೆಯ ಮೇಲೆ ಕೂರಿಸಿಯೇ. ನಮ್ಮ ಕಡೆ ಊರು ಕಣ್ಣಾರೆ ಕಂಡ ನಂಟು ರಕ್ತದ ನಂಟಿಗಿಂತ ಗಟ್ಟಿ.

ಪ್ರೀತಿ ಬಂದದ್ದು ಆಮೇಲೆ. ಪ್ರೀತಿಗೆ ಬುದ್ಧಿ ಇರುವುದಿಲ್ಲ, ಇದ್ದಿದ್ದರೆ ತಿಥಿಗೆ ಮುಂಚೆಯೇ ಬರುತ್ತಿತ್ತು. ಒಂದು ಭಾನುವಾರ ನನಗೆ ಜ್ವರ ಬಂದಿತ್ತು, ಅತ್ತೆ ಹರದನಹಳ್ಳಿಗೆ ನೆಂಟರ ಮನೆಗೆ ಹೋಗಿದ್ದರು. ಮಕ್ಕಳನ್ನು ನೋಡಲು ಬಂದ ಹರ್ಷ ತಾನೇ ಅನ್ನ ಮಾಡಿ, ಸಾರು ಮಾಡಿ ತಂದಿಟ್ಟ. ಸಾರಿಗೆ ಉಪ್ಪೇ ಇರಲಿಲ್ಲ. ಆ ಸಪ್ಪೆ ಸಾರನ್ನು ನಾನು ಎರಡನೇ ಸಲ ಬಡಿಸಿಕೊಂಡೆ. ಅವತ್ತೇ ನನಗೆ ನನ್ನ ಮೇಲೆ ಅನುಮಾನ ಬಂತು. ಅವನಿಗೆ ಯಾವಾಗ ಗೊತ್ತಾಯಿತೋ ನಾನು ಕೇಳಿಲ್ಲ. ಗೇಟಿನ ಹತ್ತಿರ ಅವನ ಕಾರಿನ ಸದ್ದು ಕೇಳಿದರೆ ನಾನು ಕನ್ನಡಿಯ ಕಡೆ ಹೋಗುತ್ತಿದ್ದೆ. ಒಳಗೆ ಬಂದವನು ಮಕ್ಕಳನ್ನು ಎತ್ತಿಕೊಳ್ಳುವ ಮುಂಚೆ ಒಂದು ಕ್ಷಣ ನನ್ನನ್ನು ನೋಡುತ್ತಿದ್ದ. ಇಬ್ಬರೂ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ.

ಈ ಬೇಸಿಗೆ ರಜೆಗೆ ಬೆಂಗಳೂರಿನ ಮ್ಯೂಸಿಯಂ ತೋರಿಸಬೇಕೆಂದು ಮಕ್ಕಳು ಹಟ ಹಿಡಿದಾಗ ಅತ್ತೆಯೇ ಮುಂದೆ ನಿಂತು ಕಳಿಸಿದರು. ಬೆಳಗಿನ ಜಾವ ಎದ್ದು ಚಿತ್ರಾನ್ನ ಕಟ್ಟಿಕೊಟ್ಟರು. “ಓಗ್ಬುಟ್ಟು ಬಾರವ್ವ. ನಿಮ್ಮಣ್ಣ ಜತೇಲವ್ನೆ, ನಂಗೇನ್ ಭಯ?” ಎಂದರು. ಅವನು ಅಣ್ಣ ಎಂದೇ ನನ್ನನ್ನು ಅವನೊಂದಿಗೆ ಕಳಿಸಿದ್ದು. ಅವನು ಅಣ್ಣ ಎಂದೇ ಅದರಾಚೆಗೆ ನನಗೆ ದಾರಿ ಇಲ್ಲದ್ದು.

ಮ್ಯೂಸಿಯಮ್ಮಿನ ಒಳಗೆ ಕಾಲಿಟ್ಟರೆ ಎದುರಿಗೇ ಡೈನೋಸಾರ್. ತಲೆ ಆಡಿಸಿ ಘರ್ ಎಂದಿತು. ಪಾಲಾಕ್ಷ ಹರ್ಷನ ಕಾಲು ತಬ್ಬಿಕೊಂಡ.

“ಮಾವ, ಅದು ಕಚ್ತದಾ?”

“ಇಲ್ಲ ಕಣೋ, ಅದ್ಕೆ ಕರೆಂಟ್ ಕೊಟ್ಟವ್ರೆ. ಕರೆಂಟ್ ಹೋದ್ರೆ ನಿಮ್ಮಜ್ಜಿ ಥರ ತೂಕಡಿಸ್ತದೆ.”

ತೇಜಶ್ರೀ ಪ್ರತಿಯೊಂದು ಬೋರ್ಡನ್ನೂ ಗಟ್ಟಿಯಾಗಿ ಓದಿ, ನನಗೆ ಅರ್ಥವಾಯಿತೇ ಎಂದು ಪರೀಕ್ಷೆ ಮಾಡುತ್ತಿದ್ದಳು. ಹರ್ಷ ಬೇಕೆಂದೇ ತಪ್ಪು ಉತ್ತರ ಹೇಳಿ ಅವಳಿಂದ ಬೈಸಿಕೊಳ್ಳುತ್ತಿದ್ದ. ಹಿಂದಿನಿಂದ ಯಾರೋ ಹೆಂಗಸು, “ಮೇಡಂ, ನಿಮ್ಮ ಯಜಮಾನರ ಜೇಬಿಂದ ಕರ್ಚೀಫ್ ಬಿತ್ತು,” ಎಂದಳು. ನಾನು ಎತ್ತಿಕೊಂಡೆ. ಥ್ಯಾಂಕ್ಸ್ ಹೇಳಿದೆ. ಅವನಿಗೆ ಕೊಡದೆ ನನ್ನ ಬ್ಯಾಗಿನಲ್ಲಿಟ್ಟುಕೊಂಡೆ.

ಮೇಲಿನ ಮಹಡಿಯಲ್ಲಿ ಹಾಲಿನ ಎರಡು ತುದಿಗೆ ಎರಡು ದೊಡ್ಡ ಬಟ್ಟಲಿನಂಥ ಡಿಶ್ ನಿಲ್ಲಿಸಿದ್ದರು. ಒಂದರ ಎದುರು ಪಿಸುಗುಟ್ಟಿದರೆ ಆ ತುದಿಯ ಇನ್ನೊಂದರ ಹತ್ತಿರ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ನಡುವೆ ಇರುವವರಿಗೆ ಏನೂ ಕೇಳಿಸುವುದಿಲ್ಲ. ಮಕ್ಕಳು ಅತ್ತಿಂದಿತ್ತ ಓಡಿ ಸುಸ್ತಾದ ಮೇಲೆ ತೇಜಶ್ರೀ ನಮ್ಮಿಬ್ಬರನ್ನೂ ಒಂದೊಂದು ತುದಿಗೆ ನಿಲ್ಲಿಸಿದಳು.

“ಈಗ ನೀವಿಬ್ರೂ ಮಾತಾಡಿ!”

ನಾವು ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತೆವು. ಹಾಲಿನ ತುಂಬ ಮಕ್ಕಳ ಗಲಾಟೆ. ಸ್ವಲ್ಪ ಹೊತ್ತು ಅವನ ಉಸಿರು ಮಾತ್ರ ಕೇಳಿಸಿತು.

“ಸಿಂಧು,” ಎಂದ. ಕಿವಿಯ ಹತ್ತಿರವೇ ನಿಂತು ಹೇಳಿದ ಹಾಗೆ ಕೇಳಿಸಿತು. “ಭಾನುವಾರ ಅರಕಲಗೂಡಲ್ಲಿ ಹೆಣ್ಣು ನೋಡೋಕೆ ಹೋಗ್ಲೇಬೇಕು ಅಂತ ಅಮ್ಮ ಹಟ ಮಾಡ್ತಾವ್ರೆ. ನೀವು ಬೇಡ ಅನ್ನಿ, ಹೋಗಲ್ಲ. ಊರನ್ನ ನಾನು ಎದುರಿಸ್ತೀನಿ. ಇಲ್ಲಿಗೇ ಬಂದು ಒಂದು ಅಂಗಡಿ ಹಾಕ್ಕೋತೀನಿ, ಮಕ್ಕಳನ್ನ ಇಲ್ಲೇ ಓದ್ಸಣ. ಆ ಸೀರೆ ವಿಷ್ಯ ಇಲ್ಲಿ ಯಾರಿಗೂ ಗೊತ್ತಿಲ್ಲ. ಸಂಜೆ ಊರು ಸೇರೋದ್ರೊಳಗೆ ಹೇಳಿ.”

ಬಾಯಿ ತೆರೆದೆ. ಬೇಡ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು.

“ಅಮ್ಮ, ನನ್ ಟರ್ನ್!” ಎಂದು ಪಾಲಾಕ್ಷ ನನ್ನ ಸೆರಗು ಎಳೆದ.

ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಊಟಕ್ಕೆ ಕೂತೆವು. ನಾನು ಚಿತ್ರಾನ್ನ ಬಡಿಸಿದೆ. ಅವನು ತನ್ನ ತಟ್ಟೆಯ ಕಡಲೆಬೀಜ ಆರಿಸಿ ಪಾಲಾಕ್ಷನ ಬಾಯಿಗೆ ಇಡುತ್ತಿದ್ದ. ಇಲ್ಲೇ ಎಲ್ಲೋ ಒಂದು ಬಾಡಿಗೆ ಮನೆ, ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ, ಅಂಗಡಿ ಮುಚ್ಚಿ ಬರುವ ಅವನಿಗೆ ಕಾಯುವ ನಾನು. ನೆನೆಸಿಕೊಳ್ಳಬಾರದು ಎನ್ನುತ್ತಲೇ ಎಲ್ಲವನ್ನೂ ನೆನೆಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, “ಒಳ್ಳೆ ಸಂಸಾರ,” ಎಂದು ನಕ್ಕರು. ನಾನು ಅಲ್ಲ ಎನ್ನಲಿಲ್ಲ. ಊಟ ಮುಗಿಯುವವರೆಗೆ ನಾನು ಅವನ ಹೆಂಡತಿಯಾಗಿದ್ದೆ, ಅಷ್ಟು ಸುಖ ನನಗೆ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ.

ಅರಕಲಗೂಡಿಗೆ ಹೋಗುವುದು ಬೇಡ ಎಂದೇ ಹೇಳುವುದು ಎಂದು ನಿರ್ಧರಿಸಿದೆ.

ಬಾಲಭವನದ ಪುಟಾಣಿ ರೈಲು ಹತ್ತುವಾಗ ಗಾರ್ಡ್, “ಚಿಕ್ಕೋನ್ನ ಅವ್ರಪ್ಪನ ತೊಡೆ ಮೇಲೆ ಕೂರಿಸ್ಕೊಳ್ಳಿ,” ಎಂದ.

“ಅಪ್ಪ ಅಲ್ಲ, ಅವ್ರು ನಮ್ಮ ಸೋದರಮಾವ,” ಎಂದಳು ತೇಜಶ್ರೀ ತಕ್ಷಣ. ಗಾರ್ಡ್ ಆಗಲೇ ಮುಂದಿನ ಬೋಗಿಗೆ ಹೋಗಿದ್ದ. ಇವಳು ಬಿಡಲಿಲ್ಲ, ನನ್ನ ಕಡೆ ತಿರುಗಿದಳು. “ಎಲ್ರೂ ತಪ್ಪು ತಿಳ್ಕೋತಾರಲ್ಲಮ್ಮ? ನೀನ್ಯಾಕೆ ಸರಿ ಮಾಡಲ್ಲ?”

“ಅಪ್ಪ ಅಂದ್ಕೊಂಡ್ರೆ ಏನಾಯ್ತು ಪುಟ್ಟಿ? ಮಾವನೇ ಅಪ್ಪ ಆಗ್ಬಿಟ್ರೆ?” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಎದುರು ಸೀಟಿನಲ್ಲಿದ್ದ ಹರ್ಷ ತೊಡೆಯ ಮೇಲಿದ್ದ ಪಾಲಾಕ್ಷನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ತೇಜಶ್ರೀ ನಗಲಿಲ್ಲ. “ಅದೆಂಗಮ್ಮ ಆಗುತ್ತೆ? ಮಾವ ನಿನ್ ಅಣ್ಣ. ನಂಗೆ ನೆನಪೈತೆ, ಎಲ್ಲ ಅಳ್ತಿದ್ರು, ಮಾವ ಬಂದು ನಿನ್ ಮೇಲೆ ಸೀರೆ ಹಾಕಿದ್ರು. ಆಗ ನೀನು ಅಳು ನಿಲ್ಸಿದೆ.” ಆಮೇಲೆ ದನಿ ತಗ್ಗಿಸಿದಳು. “ಸ್ಕೂಲಲ್ಲಿ ನಿಮ್ಮಪ್ಪ ಇಲ್ಲ ಅಂತ ರೇಗಿಸ್ತಾರೆ. ನಮ್ಮಮ್ಮಂಗೆ ಅಣ್ಣ ಅವ್ರೆ, ನಂಗೆ ಸೋದರಮಾವ ಅವ್ರೆ ಅಂತೀನಿ. ಸುಮ್ನಾಗ್ತಾರೆ. ಅಪ್ಪ ಸತ್ತೋಗ್ಬೋದು, ಸೋದರಮಾವ ಎಲ್ಲೂ ಹೋಗಲ್ಲ ಅಂತ ಅಜ್ಜಿ ಹೇಳೈತೆ.”

ರೈಲು ಹೊರಟಿತು. ಪಾಲಾಕ್ಷ ಕೂ ಎಂದು ಕೂಗಿದ. ನಾನು ಮರಗಳ ಕಡೆ ಮುಖ ಮಾಡಿ ಕೂತೆ. ಊರಿನ ಬಾಯಿಗೆ ನಾನು ಹೆದರುವವಳಲ್ಲ. ಅಣ್ಣನನ್ನೇ ಕಟ್ಟಿಕೊಂಡಳು ಎಂದರೂ ಕೇಳಿಸಿಕೊಂಡು ಬದುಕುತ್ತಿದ್ದೆ. ಆದರೆ ಆ ಮಾತು ನನ್ನ ಮಗಳ ಶಾಲೆಗೆ ಹೋಗುತ್ತದೆ. ಬೆಂಗಳೂರಿಗೆ ಬಂದರೂ ಅವಳ ನೆನಪು ಅವಳ ಜೊತೆಗೇ ಬರುತ್ತದೆ. ಅಪ್ಪನನ್ನು ಕಳೆದುಕೊಂಡ ಮಗು ಗಟ್ಟಿಯಾಗಿ ಹಿಡಿದುಕೊಂಡಿದ್ದು ಅದೊಂದನ್ನೇ. ಅದನ್ನು ಅವಳ ಕೈಯಿಂದ ಕಿತ್ತು ನಾನು ಸುಖವಾಗಿರಬೇಕಿತ್ತು. ನನ್ನಿಂದ ಆಗಲಿಲ್ಲ.

ವಾಪಸ್ ಬರುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಯಡಿಯೂರು ದಾಟಿದ ಮೇಲೆ ಹರ್ಷ ರಸ್ತೆ ಬದಿಯ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಇಳಿಯಲಿಲ್ಲ.

“ಹೇಳಿ,” ಎಂದ.

“ಭಾನುವಾರ ಹೋಗಿ.”

ಅವನು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತಿದ್ದ. “ಮಗು ಏನೋ ಅಂತು ಅಂತನಾ? ದೊಡ್ಡೋಳಾದ್ಮೇಲೆ ಅರ್ಥ ಆಗುತ್ತೆ.”

“ದೊಡ್ಡೋಳಾಗೋವರ್ಗೂ?”

ಅವನು ಕನ್ನಡಿಯಲ್ಲಿ ಹಿಂದಿನ ಸೀಟಿನ ತೇಜಶ್ರೀಯನ್ನು ನೋಡಿದ.

“ಒಂದು ಮಾತು ಕೇಳಿಸ್ಕೊಂಡು ಹೋಗಿ,” ಎಂದೆ. “ನಾನು ಒಂದು ದಿನಾನೂ ನಿಮ್ಮನ್ನ ಅಣ್ಣ ಅಂದ್ಕೊಂಡಿಲ್ಲ. ನಿಮ್ಮನ್ನ ಪ್ರೀತಿಸ್ದೆ. ಈಗ್ಲೂ ಪ್ರೀತಿಸ್ತೀನಿ. ಹೋಗಿ ಅಂತ ಹೇಳ್ತಿರೋದು ಪ್ರೀತಿ ಇಲ್ದೆ ಅಲ್ಲ.”

ಅವನು ಅತ್ತ. ಗಂಡಸು ಹಾಗೆ ಸದ್ದಿಲ್ಲದೆ ಅಳುವುದನ್ನು ನಾನು ನೋಡಿರಲಿಲ್ಲ. ಕೈ ಹಿಡಿದುಕೊಳ್ಳೋಣ ಎನ್ನಿಸಿತು, ಹಿಡಿದುಕೊಂಡೆ. ಮಕ್ಕಳು ಮಲಗಿದ್ದರು. ಟೀ ಅಂಗಡಿಯವನು ಎರಡು ಲೋಟ ತಂದು ಕಿಟಕಿಗೆ ಒಡ್ಡುವವರೆಗೂ ಹಾಗೇ ಕೂತಿದ್ದೆವು.

“ಅಮ್ಮ ಇನ್ನೊಂದು ಹೇಳವ್ರೆ,” ಎಂದ ಕೊನೆಗೆ, ಮುಖ ಒರೆಸಿಕೊಂಡು. “ಹೆಣ್ಣು ನೋಡೋಕೆ ತಂಗಿ ಅಂತ ನೀವು ಬರ್ಲೇಬೇಕಂತೆ. ನಾನು ಆಗಲ್ಲ ಅಂದ್ಬಿಡ್ತೀನಿ.”

“ಬರ್ತೀನಿ,” ಎಂದೆ.

ಹಿಂದಿನ ಕಾಲವಾಗಿದ್ದರೆ ನನ್ನಂಥವಳನ್ನು ಇಂಥ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಹರ್ಷನ ತಾಯಿ ಶಾಂತಮ್ಮ ದೊಡ್ಡ ಮನಸ್ಸಿನವರು. ಭಾನುವಾರ ಅರಕಲಗೂಡಿನ ಆ ಮನೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ತಮಗಿಂತ ಮುಂದೆ ಬಿಟ್ಟರು. ಹುಡುಗಿಯ ಹೆಸರು ಅನುಶ್ರೀ. ಬಿ.ಎಡ್. ಮಾಡಿದ್ದಳು. ನೋಡಲು ಚೆನ್ನಾಗಿರಬಾರದು ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ, ದೇವರು ಕೇಳಿಸಿಕೊಂಡಿರಲಿಲ್ಲ. ಕಾಫಿ ಕೊಟ್ಟಾದ ಮೇಲೆ ಒಳಗಿನ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

“ಅಕ್ಕ, ನಿಜ ಹೇಳಿ. ನಿಮ್ಮಣ್ಣಂಗೆ ಕೋಪ ಜಾಸ್ತಿನಾ?”

“ಕೋಪ ಕಡಿಮೆ. ಬಂದ್ರೆ ಮಾತಾಡಲ್ಲ, ಎದ್ದೋಗಿ ಕಾರು ತೊಳೀತಾರೆ. ತೊಳ್ದು ಮುಗಿಯೋವರ್ಗೂ ಬಿಟ್ಬಿಡು, ಸರಿಯಾಗ್ತಾರೆ.”

ಅವಳು ನಕ್ಕಳು. “ಮತ್ತೆ?”

“ಹಸಿವು ತಡೆಯಲ್ಲ, ಆದ್ರೆ ಬಾಯಿಬಿಟ್ಟು ಊಟ ಕೇಳಲ್ಲ. ಅಡುಗೆಮನೆ ಬಾಗಿಲಿಗೆ ಎರಡು ಸಲ ಬಂದು ಹೋದ್ರೆ ತಟ್ಟೆ ಹಾಕು. ಮಗು ಎತ್ಕೊಂಡ್ರೆ ಕೈ ಸೋತೋದ್ರೂ ಇಳಿಸಲ್ಲ. ಮನಸ್ಸಿಗೆ ನೋವಾದ್ರೆ ಹೇಳಲ್ಲ, ನೀನೇ ಕೇಳ್ಬೇಕು. ಕೇಳ್ತೀಯ ತಾನೆ?”

ಅನುಶ್ರೀ ನನ್ನನ್ನೇ ನೋಡುತ್ತಿದ್ದಳು. “ಎಷ್ಟು ತಿಳ್ಕೊಂಡಿದ್ದೀರ ಅಕ್ಕ! ನಾನು ಯಾವ ಕಾಲೇಜಲ್ಲಿ ಓದ್ದೆ ಅಂತಾನೂ ನಮ್ಮಣ್ಣಂಗೆ ಗೊತ್ತಿಲ್ಲ. ಅಣ್ಣ ತಂಗಿ ಅಂದ್ರೆ ಹಿಂಗಿರ್ಬೇಕು.”

ಅಷ್ಟರಲ್ಲಿ ನಡುಮನೆಯಿಂದ ಅವಳ ತಂದೆ ಕೂಗಿ ಕರೆದರು. ಇಬ್ಬರೂ ಹೊರಗೆ ಬಂದೆವು.

“ಗಂಡಿನ ತಂಗಿ ಏನಂತಾರೋ ಅದೇ ಕೊನೆ ಮಾತು ಅಂತಾವ್ರೆ ಶಾಂತಮ್ಮೋರು,” ಎಂದರು ಅವರು. “ಏಳವ್ವ, ಒಪ್ಗೆನಾ?”

ಎಲ್ಲರೂ ನನ್ನ ಕಡೆ ನೋಡಿದರು. ಹರ್ಷ ಒಬ್ಬ ನೋಡಲಿಲ್ಲ. ಖಾಲಿ ಕಾಫಿ ಲೋಟ ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೂತಿದ್ದ.

“ಒಪ್ಪಿಗೆ,” ಎಂದೆ. “ನಮ್ಮಣ್ಣಂಗೆ ಹೇಳಿ ಮಾಡಿಸಿದ ಹುಡುಗಿ.”

ಅನುಶ್ರೀ ನಾಚಿ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.