ಮೂಕವಾದ ಕರೆಗಂಟೆ

ಅದು ೧೯೬೧ರ ದಸರಾ ರಜೆ ಮುಗಿದ ದಿನ. ಯಲಹಂಕದ ಮಿಡ್ಲ್ ಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಆನಂದಪ್ಪ ಮೇಷ್ಟ್ರು ಗುಂಡಿ ಒತ್ತಿದ್ದೇ ಒತ್ತಿದ್ದು, ವಿದ್ಯಾರ್ಥಿನಿ ಗೌರಮ್ಮ ಮಾಡಿದ ಕರೆಗಂಟೆ ಮಾತ್ರ ಜಪ್ಪಯ್ಯ ಅಂದರೂ ಸದ್ದು ಮಾಡಲಿಲ್ಲ. ಪರೀಕ್ಷಕರು ಗಡಿಯಾರ ನೋಡಿಕೊಂಡು ಜೀಪು ಹತ್ತಿ ಹೋದರು. ಗಂಟೆ ಟ್ರಿಣ್ ಅಂದಿದ್ದರೆ ಹುಡುಗಿಗೆ ಪೇಟೆಯ ಹೈಸ್ಕೂಲು, ಹಾಸ್ಟೆಲು ಎರಡೂ ಪುಕ್ಕಟೆ ಸಿಗುತ್ತಿದ್ದವು. ಈಗ ಅವಳ ಓದು ಇಲ್ಲಿಗೇ ಮುಗಿದಂತೆ.

ರಜೆಗೆ ಮುಂಚೆ ಮೇಷ್ಟ್ರೇ ಬಾರಿಸಿ ನೋಡಿ, ಅದನ್ನು ಅವಳ ಊರು ತಣಿಸಂದ್ರಕ್ಕೆ ಅವಳ ಕೈಲೇ ಕಳಿಸಿದ್ದರು. ಇವತ್ತು ಅವರ ಕಣ್ಣೆದುರೇ ಅದು ಮೇಜು ಸೇರಿತ್ತು. ಕೆಟ್ಟಿದ್ದರೆ ಮನೆಯಲ್ಲೇ ಕೆಟ್ಟಿರಬೇಕು. ಹೆಣ್ಣುಮಕ್ಕಳಿಗೆ ಓದ್ಯಾಕೆ, ಹೊಲಕ್ಕೆ ಬರಲಿ ಅನ್ನುತ್ತಿದ್ದ ಅಪ್ಪ ಚಿಕ್ಕಬೈರಪ್ಪ ಗೇಟಿನ ಹತ್ತಿರ ಗಾಡಿ ನಿಲ್ಲಿಸಿಕೊಂಡಿದ್ದ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು.

ಶಾಲೆಯಲ್ಲಿ ಏನೇ ಕಳುವಾಗಲಿ, ಗುಟ್ಟು ಬಿಡಿಸುತ್ತಿದ್ದವರು ಹೆಡ್‌ಮಿಸ್ಟ್ರೆಸ್ ವರಲಕ್ಷ್ಮಮ್ಮ. ಅವರು ಸೆಲ್ಲುಗಳಿಗೆ ಬಲ್ಬು ಸಿಕ್ಕಿಸಿದರು, ಉರಿಯಿತು. ತಂತಿಯುದ್ದಕ್ಕೂ ಬೆರಳಾಡಿಸಿದರು. ಗಂಟೆಯ ತಗಡನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಗೇಟಿಗೆ ಹೋಗಿ, ಗಾಡಿಯ ನೊಗದ ಮೇಲೆ ಒಣಗಿದ್ದ ಗಂಧ ಕುಂಕುಮ ನೋಡಿ ಬಂದು, ಎಲ್ಲರನ್ನೂ ಕ್ಲಾಸಿಗೆ ಕರೆದರು.

"ಸೆಲ್ಲು, ತಂತಿ ಎರಡೂ ಸರಿಯಾಗಿವೆ ಮೇಷ್ಟ್ರೇ. ಕೆಡಿಸೋ ಮನಸ್ಸಿದ್ದೋರು ತಂತಿ ಕೀಳ್ತಿದ್ರು. ಈ ತಗಡು ಸ್ಕ್ರೂಗೆ ತಾಗೋ ಜಾಗದಲ್ಲಿ ತೆಳ್ಳಗೆ ಏನೋ ಒಣಗಿದೆ, ಮೂಸಿ ನೋಡಿ."

ಗಂಧದ ವಾಸನೆ.

"ಒಣಗಿದ ಗಂಧ ಕರೆಂಟನ್ನ ತಡೆಯುತ್ತೆ. ಆಯುಧಪೂಜೆ ದಿನ ನೊಗಕ್ಕೆ ಇಟ್ಟ ಹಾಗೆ ಇದಕ್ಕೂ ಇಟ್ರಿ, ಅಲ್ವಾ ಚಿಕ್ಕಬೈರಪ್ಪನವರೇ?"

ಅವನು ತಲೆ ಎತ್ತಲಿಲ್ಲ. "ಊನಮ್ಮ. ನೇಗಿಲು, ಕುಡ್ಲು ಎಲ್ಲಕ್ಕೂ ಇಕ್ದೆ. ಮಗೀದ್ ಎಂಗ್ ಬಿಡ್ಲಿ? ಬೈತಾಳೆ ಅಂತ ಆಮ್ಯಾಕೆ ಬಟ್ಟೇಲಿ ಒರೆಸ್ದೆ. ಓದ್ ಬ್ಯಾಡ ಅಂತಿದ್ದಿದ್ದು ದಿಟ. ಆದ್ರೆ ಪೂಜೆಗ್ ಮುಂಚೆ ಮನೇಲಿ ಅದು ಕೂಗಿದ್ ಕೇಳ್ದಾಗ ಮನಸ್ ತಿರುಗ್ತು. ಇವತ್ತೂ ಕೂಗ್ಲಿ, ಅವ್ಳು ಓದ್ಲಿ ಅಂತ್ಲೇ ಕೈ ಮುಗ್ದೆ."

ಮೇಷ್ಟ್ರು ವರಲಕ್ಷ್ಮಮ್ಮನ ಕಡೆ ತಿರುಗಿದರು. ಪರೀಕ್ಷಕರಿಗೆ ಹೇಳಿ ಕಳಿಸೋಣವೇ ಎಂದು ಕೇಳಿದರು. ತೀರ್ಪು ಬರೆದುಕೊಂಡೇ ಹೋದರು, ಎರಡನೇ ಸಲ ನೋಡುವ ಪದ್ಧತಿಯಿಲ್ಲ ಎಂದರು ವರಲಕ್ಷ್ಮಮ್ಮ.

"ಯಾರು ಮಾಡಿದ್ದು ಅಂತ ಹೇಳಬಲ್ಲೆ ಮೇಷ್ಟ್ರೇ. ಆಗಿದ್ದನ್ನ ತಿರುಗಿಸೋದು ನನ್ನ ಕೈಲಾಗಲ್ಲ."

ಗೌರಮ್ಮ ಉಪ್ಪುಕಾಗದದಿಂದ ತಗಡು ಉಜ್ಜಿ ಗುಂಡಿ ಒತ್ತಿದಳು. ಗಂಟೆ ಕ್ಲಾಸಿನ ತುಂಬ ಮೊಳಗಿತು. ಚಿಕ್ಕಬೈರಪ್ಪ ಹೆಗಲ ಟವೆಲು ತೆಗೆದು, ಗಂಟೆಗೆ ಮತ್ತೆ ಕೈ ಮುಗಿದ. ಸೆಲ್ಲು ತೀರಿ ಸದ್ದು ಅಡಗುವವರೆಗೂ ಅವಳು ಬೆರಳು ತೆಗೆಯಲಿಲ್ಲ.